ಮಾಸ್ತರರ ಪಂಚೇಂದ್ರಿಯ ತೋಟ

ತೋಟಕ್ಕೆ ಬಿಸಿಲು ಚೆನ್ನಾಗಿ ಬೀಳುತ್ತಿತ್ತು. ಗುರುಸಿದ್ದ ಮಾಸ್ತರರ ಗ್ರಹಚಾರ ಅಲ್ಲಿಂದಲೇ ಶುರುವಾಯಿತು.

ದಿನಾ ಬೆಳಗಾವಿಯಿಂದ ಖಾನಾಪುರದ ಶಾಲೆಗೆ ಬಸ್ಸಿನಲ್ಲಿ ನಿಂತುಕೊಂಡೇ ಬಂದು ಅವರ ಸೊಂಟ ಸೋತಿತ್ತು. ಬೆಳಗಾವಿಗೆ ವರ್ಗಾವಣೆಯೊಂದೇ ಅವರ ಜಪ. "ಸಾಲ್ಯಾಗ ಮಕ್ಕಳಿಗೆ ಒಂದು ಪಂಚೇಂದ್ರಿಯ ತೋಟ ಮಾಡಿ ತೋರಸ್ರಿ, ಆಮ್ಯಾಲ ಬೆಳಗಾವಿ ವಿಚಾರ ಮಾಡೂಣು" ಎಂದಿದ್ದರು ಮೇಲಿನ ಸಾಹೇಬರು. ಮಾಸ್ತರರು ಮೂಸಲು ಪುದೀನ, ಕೊತ್ತಂಬರಿ ಬೆಳೆಸಿದರು. ಕೇಳಲು ಬಿದಿರಿನ ಗಿಲಕಿ ತೂಗುಹಾಕಿದರು. ಕಣ್ಣು ಕಟ್ಟಿಕೊಂಡು ಬರಿಗಾಲಲ್ಲಿ ನಡೆಯಲು ಮರಳು, ಬೆಣಚುಕಲ್ಲು, ಒಣ ಎಲೆಗಳ ಹಾದಿ ಮಾಡಿದರು.

ಸಾಹೇಬರು ನೋಡಲು ಬರುವ ದಿನ ಮಾಸ್ತರರು ಬಸ್ಸಿಳಿದು ಬಂದರೆ ಕೊತ್ತಂಬರಿ ಮಡಿ ತಿರುಪತಿಗೆ ಹೋಗಿ ಬಂದವರ ತಲೆಯಂತೆ ಬೋಳಾಗಿತ್ತು.

"ಸಾಹೇಬ್ರು ಬರ್ತಾರಂತ ಮಜ್ಜಿಗಿಗೆ ಹಾಕೇನ್ರೀ ಸರ" ಎಂದಳು ಬಿಸಿಯೂಟದ ಗೌರವ್ವ. "ಬರೇ ಮೂಸಿದ್ರ ಹೊಟ್ಟಿ ತುಂಬತೈತೇನ್ರಿ?"

ಅಷ್ಟರಲ್ಲಿ ಸಾಹೇಬರ ಜೀಪು ಬಂತು. ಸಾಹೇಬರು ನೇರ ಹಾದಿಯ ಬಳಿ ಹೋಗಿ ಬೂಟು ಬಿಚ್ಚಿ, ಕರವಸ್ತ್ರದಿಂದ ಕಣ್ಣು ಕಟ್ಟಿಕೊಂಡು, "ಮಕ್ಕಳು ನಡೆದಂಗ ನಾನೂ ನಡೀತೀನಿ" ಎಂದು ಹೊರಟೇಬಿಟ್ಟರು. ಹಾದಿಯ ಕೊನೆ ಕೆಂಪಗಿರುವುದು ಮಾಸ್ತರರಿಗೆ ಕಂಡದ್ದು ಆಗಲೇ. ಶಾಲೆಯ ಬಾಜು ಮನೆಯ ಕಾಶವ್ವ, ಇಂಥ ಬಿಸಿಲಿನ ಜಾಗ ಹಾಳಾಗುವುದನ್ನು ನೋಡಲಾರದೆ, ಒಣ ಎಲೆ ಗುಡಿಸಿ ಚೆಲ್ಲಿ, ಖಾರ ಕುಟ್ಟಿಸುವ ಮೊದಲು ಇನ್ನೊಂದು ಬಿಸಿಲು ಬೀಳಲೆಂದು ಮೆಣಸಿನಕಾಯಿ ಹರವಿದ್ದಳು.

"ಸರ್, ಅಲ್ಲಿ..."

"ಸುಮ್ನಿರ್ರಿ, ನಾನ ಗುರುತ ಹಿಡೀತೀನಿ." ಕಾಲಡಿ ಚರಚರ ಸದ್ದು. "ಒಣ ಎಲಿ ಹೌದಲ್ಲೋ?" ಸಾಹೇಬರು ಬಗ್ಗಿ ಒಂದು ಹಿಡಿ ಎತ್ತಿ, ಕಿವುಚಿ ಮೂಸಿದರು. ಸೀನಿನ ಭರಕ್ಕೆ ಕಣ್ಣಿನ ಕಟ್ಟು ಜಾರಿತು. ಅದೇ ಕೈಯಿಂದ ಕಣ್ಣೊರೆಸಿಕೊಂಡರು.

ಆಮೇಲೆ ತೋಟದ ತುಂಬ ಸಾಹೇಬರ ಕುಣಿತ. ಮಕ್ಕಳು ಬಿದ್ದು ಬಿದ್ದು ನಕ್ಕರು. ಬೆಳಗಾವಿ ಕೈತಪ್ಪಿತೆಂದು ಮಾಸ್ತರರಿಗೆ ಅಳುವೇ ಬಂತು. ಗೌರವ್ವ ಸಾಹೇಬರ ಕಣ್ಣು ತೊಳೆದು ಒಂದು ತಂಬಿಗೆ ಮಜ್ಜಿಗೆ ಕುಡಿಸಿದಳು.

ಸಾಹೇಬರು ಮೂಗೊರೆಸಿಕೊಂಡು ಕುಳಿತರು. "ಮಾಸ್ತರ್ರ, ಎಷ್ಟೋ ತೋಟ ನೋಡೇನಿ, ಎಲ್ಲಾ ಬರೇ ಫೋಟೋಕ್ಕ ಮಾಡಿದ್ದು. ಖರೇ ಐದೂ ಇಂದ್ರಿಯ ಎದ್ದು ಕುಂತದ್ದು ಇಲ್ಲೇ ನೋಡ್ರಿ."

ಮಾಸ್ತರರಿಗೆ ಹೋದ ಜೀವ ಬಂದಂತಾಯಿತು. "ಹಂಗಾರ ಬೆಳಗಾವಿ, ಸರ್?"

"ಎಲ್ಲೀ ಬೆಳಗಾವಿರೀ? ನೀವು ಹೋದ್ರ ಇದನ್ನ ಯಾರು ನೋಡ್ಕೋತಾರ? ನಿವೃತ್ತಿ ಆಗೂತನಾ ಇಲ್ಲೇ ಇರ್ರಿ."

ಸಂಜೆ ಮಾಸ್ತರರು ಬಸ್ಸಿಗೆ ಹೊರಟಾಗ ಕಾಶವ್ವ ಮೆಣಸಿನಕಾಯಿ ಬಾಚಿಕೊಳ್ಳುತ್ತಿದ್ದಳು. "ಸಾಹೇಬ್ರಿಗೆ ಭಾಳ ಸೇರಿತಂತಲ್ರಿ ಸರ" ಎಂದಳು. "ನಾಳಿ ಇಲ್ಲೇ ಶಾವಿಗಿ ಒಣಗಾಕ ಹಾಕ್ತೀನಿ. ಮುಂಜಾನಿ ಒಂದೀಟು ಲಗೂನ ಬರ್ರಿ, ಕಾಗಿ ಹೊಡಿಯಾಕ ಯಾರೂ ಇಲ್ಲ."