ಸೊನ್ನೆಯ ಪಂಕ್ತಿ

ಮಗಳ ಮದುವೆ ಮಾಡುವುದು ಸುಲಭ, ಬೀಗರ ಊಟಕ್ಕೆ ನೆಂಟರನ್ನು ಕೂರಿಸುವುದು ಕಷ್ಟ ಎಂದರೆ ನಗಬೇಡಿ. ನಮ್ಮ ಮಗಳು ಅನುಶ್ರೀಗೆ ಇಬ್ಬರು ಸೋದರಮಾವಂದಿರು. ಕೊಣನೂರಿನಲ್ಲಿ ಇಬ್ಬರದೂ ಪಕ್ಕಪಕ್ಕದ ಮನೆ. ಹೋದ ವರ್ಷ ತಮ್ಮ ಶಿವರಾಜು ಟ್ರ್ಯಾಕ್ಟರ್ ಹಿಂದಕ್ಕೆ ತೆಗೆಯುವಾಗ ಅಣ್ಣ ಕಾಂತರಾಜು ನೆಟ್ಟಿದ್ದ ಹಲಸಿನ ಸಸಿ ಚಕ್ರಕ್ಕೆ ಸಿಕ್ಕಿತು. ಅಂದಿನಿಂದ ಮಾತಿಲ್ಲ. (ಸಸಿ ಮತ್ತೆ ಚಿಗುರಿದೆ. ಅದಕ್ಕೆ ಯಾರ ಮೇಲೂ ಕೋಪವಿಲ್ಲ.)

ಅವರ ತಾಯಿ, ಅಂದರೆ ನಮ್ಮ ಅತ್ತೆ ನಂಜಮ್ಮನವರು, ಚನ್ನರಾಯಪಟ್ಟಣದ ನಮ್ಮ ಮನೆಗೆ ಬಂದು ನನ್ನೆದುರು ಕೂತು ಹೇಳಿದರು:

“ಅಳಿಯಂದ್ರೇ, ನಂಗಿನ್ನೇನೂ ಬ್ಯಾಡ. ನನ್ ಮಕ್ಳಿಬ್ರೂ ಒಂದೇ ಪಂತೀಲಿ ಕುಂತ್ಕಂಡು ಉಣ್ಣಾದ ನೋಡ್ಬೇಕು ಕಣ್ರಪ್ಪ.”

ಆ ಮುಖ ನೋಡಿ ಆಗಲಿ ಎಂದುಬಿಟ್ಟೆ. ಆದರೆ ಇಬ್ಬರು ಮಹಾಶಯರೂ ಆಗಲೇ ಫೋನಿನಲ್ಲಿ ಷರತ್ತು ಹಾಕಿಯಾಗಿತ್ತು.

“ಮೊದಲ್ನೇ ಪಂತೀಲಿ ನಂಗೆ ಎಲೆ ಹಾಕ್ಲಿಲ್ಲ ಅಂದ್ರೆ ಬರಾಕಿಲ್ಲ ಭಾವ” ಎಂದು ಶಿವರಾಜು.

“ಅವ್ನು ಕುಂತ್ಕಳಾ ಪಂತಿಗಿಂತ ಮುಂಚೇನೇ ನಾನು ಉಂಡಿರ್ಬೇಕು. ದೊಡ್ಡೋನು ಕಣ್ ಭಾವ ನಾನು” ಎಂದು ಕಾಂತರಾಜು.

ನಾನು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುವವನು. ಕಾಲೇಜಿನ ಟೈಮ್‌ಟೇಬಲ್ಲನ್ನು ಒಂದು ಸಾಫ್ಟ್‌ವೇರಿನಲ್ಲಿ ನಾನೇ ಮಾಡುತ್ತೇನೆ. ಷರತ್ತುಗಳನ್ನು ಕೊಟ್ಟರೆ, ಒಂದನ್ನೂ ಮುರಿಯದ ಉತ್ತರವನ್ನು ಅದು ಹುಡುಕಿಕೊಡುತ್ತದೆ. ಅದಕ್ಕೆ ಮೊದಲು ಪ್ರತಿಯೊಬ್ಬರಿಗೂ ಒಂದೊಂದು ಪೂರ್ಣಾಂಕ ಚರವನ್ನು, ಅಂದರೆ ಇಡಿ ಸಂಖ್ಯೆ ಮಾತ್ರ ತುಂಬುವ ಖಾನೆಯನ್ನು, ಸ್ಥಾಪಿಸಬೇಕು: ಅದರ ಹೆಸರು, ಕನಿಷ್ಠ ಬೆಲೆ, ಗರಿಷ್ಠ ಬೆಲೆ. ನಾನು ಲ್ಯಾಪ್‌ಟಾಪ್ ತೆರೆದು ‘ಕಾಂತರಾಜು, ಒಂದರಿಂದ ಮೂರು’ ಎಂದು ಘನಗಂಭೀರವಾಗಿ ಟೈಪ್ ಮಾಡಿದೆ.

“ನಮ್ಮಣ್ಣನ್ನ ಯಾಕ್ರೀ ಅದ್ರೊಳಕ್ಕೆ ತುಂಬ್ತಿದೀರಾ?” ಎಂದಳು ಹೆಂಡತಿ ಸ್ನೇಹಲತಾ.

“ನಿಮ್ಮಣ್ಣ ಈಗ ಪೂರ್ಣಾಂಕ. ಊಟಕ್ಕೆ ಮೂರು ಪಂಕ್ತಿ. ಯಾವುದಾದರೂ ಒಂದರಲ್ಲಿ ಇಡಿಯಾಗಿ ಕೂರಬೇಕು. ಒಂದೂವರೆಯಲ್ಲಿ ಕೂರೋ ಹಾಗಿಲ್ಲ.”

“ಅಣ್ಣನ ಮೈಗೆ ಒಂದೂವರೆ ಜಾಗ ಬೇಕೇ ಬೇಕು. ಇದ್ನೆಲ್ಲ ಬಿಟ್ಟು ಇಬ್ರನ್ನೂ ಕರ್ದು ಕೂರಿಸ್ಕಂಡು ಮಾತಾಡ್ರೀ.”

“ಇದು ಮಾತಿನಿಂದ ಆಗೋದಲ್ಲ, ಗಣಿತದಿಂದ ಆಗೋದು.”

ಎಲ್ಲ ಷರತ್ತನ್ನೂ ಕೊಟ್ಟೆ. ‘ಉತ್ತರವಿಲ್ಲ’ ಎಂದಿತು. ಅತ್ತೆಯ ಷರತ್ತನ್ನು ತೆಗೆದುಹಾಕಿದೆ. (ಆ ಹೊತ್ತಿನಲ್ಲಿ ಅವರು ಅಡುಗೆಮನೆಯಲ್ಲಿ ನನಗೆಂದೇ ಚಕ್ಕುಲಿ ಒತ್ತುತ್ತಿದ್ದರು. ಈ ಪಾಪ ಸುಮ್ಮನೆ ಬಿಟ್ಟೀತೇ?) ಆಗಲೂ ಉತ್ತರವಿಲ್ಲ. ತಮ್ಮ ಒಂದನೇ ಪಂಕ್ತಿ, ಅಣ್ಣ ಅದಕ್ಕಿಂತ ಮುಂಚಿನದು. ಒಂದಕ್ಕಿಂತ ಮುಂಚೆ ಏನಿದೆ? ಆಗ ಹೊಳೆಯಿತು. ನಮ್ಮ ಕಸುಬಿನಲ್ಲಿ ಎಣಿಕೆ ಶುರುವಾಗುವುದೇ ಸೊನ್ನೆಯಿಂದ! ನಾನು ಮರೆತು ಒಂದರಿಂದ ಶುರು ಮಾಡಿದ್ದೆ. ಕನಿಷ್ಠ ಬೆಲೆಯನ್ನು ಸೊನ್ನೆ ಮಾಡಿದ್ದೇ ತಡ, ಕಣ್ಣು ಮಿಟುಕಿಸುವುದರೊಳಗೆ ‘ಉತ್ತರ ಸಿಕ್ಕಿದೆ’ ಎಂದಿತು. ಉತ್ತರವೇನೆಂದು ಓದುವ ವ್ಯವಧಾನ ಯಾರಿಗಿತ್ತು? ಫೋನಿಗೆ ಕಳಿಸಿಕೊಂಡು ಚಕ್ಕುಲಿ ತಿನ್ನಲು ಎದ್ದೆ.

ಬೀಗರ ಊಟದ ದಿನ ಮನೆ ಮುಂದೆ ಶಾಮಿಯಾನ. ಮೊದಲ ಪಂಕ್ತಿಯಲ್ಲಿ ಅರಕಲಗೂಡಿನ ಬೀಗರು, ಸಾಲಿನ ಕೊನೆಗೆ ಶಿವರಾಜು. ಮುದ್ದೆ ಹಾಕಿ ಸಾರು ಬಿಟ್ಟಾಗಿತ್ತು. ಆಗ ಕಾಂತರಾಜು ಗರಿಗರಿ ಪಂಚೆಯಲ್ಲಿ ಬಂದಿಳಿದ.

“ಅವ್ನಾಗ್ಲೇ ಕುಂತವ್ನೆ. ನಂದು ಎಷ್ಟ್ನೇ ಪಂತಿ ಭಾವ?”

ನಾನು ಫೋನ್ ತೆಗೆದು, ಯಂತ್ರದ ಮೇಲಿನ ಅಚಲ ವಿಶ್ವಾಸದಿಂದ, ಶಾಮಿಯಾನಕ್ಕೆಲ್ಲ ಕೇಳುವಂತೆ ಓದಿದೆ:

“ಕಾಂತರಾಜು, ಸೊನ್ನೆ.”

ಉಣ್ಣುತ್ತಿದ್ದವರೆಲ್ಲ ತಲೆ ಎತ್ತಿದರು. ಕಾಂತರಾಜುವಿನ ಮುಖ ಕಪ್ಪಿಟ್ಟಿತು. ‘ಅಂದರೆ ಒಂದಕ್ಕಿಂತ ಮುಂಚಿನದು’ ಎಂದು ವಿವರಿಸಲು ಬಾಯಿ ತೆರೆದೆ. ಅಷ್ಟರಲ್ಲಿ ಶಿವರಾಜು ಎಂಜಲು ಕೈಯಲ್ಲೇ ಎದ್ದು ನಿಂತ.

“ಏನ್ ಭಾವ, ಬೀಗ್ರ ಮುಂದೆ ನಮ್ಮಣ್ಣಂಗೆ ಸೊನ್ನೆ ಅಂತೀರಾ? ಅವ್ನಿಗೆ ಎಲೆ ಇಲ್ದಿದ್ ಕಡೆ ನಂಗೂ ಬ್ಯಾಡ!”

ನಮ್ಮ ಕಡೆ ಪಂಕ್ತಿಯ ನಡುವೆ ಒಬ್ಬರು ಎದ್ದರೆ ಉಳಿದವರೂ ಕೈ ತೊಳೆಯಬೇಕು. ಹಿರಿಯ ಬೀಗರು ಆಗಲೇ ಎಲೆಯಿಂದ ಕೈ ತೆಗೆದಿದ್ದರು. ಮಗಳ ಹೊಸ ಬಾಳಿಗೆ ನಾನೇ ಕಲ್ಲು ಹಾಕಿದೆನಲ್ಲ ಎಂದುಕೊಂಡೆ.

“ಲೇ ಶಿವಾ, ಕುಂತ್ಕಳ್ಲಾ” ಎಂದ ಕಾಂತರಾಜು. “ಬೀಗ್ರು ಉಣ್ತಾವ್ರೆ. ಎಲೆ ಬುಟ್ಟು ಏಳ್ಬಾರ್ದು.”

“ನೀನ್ ಕುಂತ್ರೆ ಕುಂತ್ಕತೀನಿ.”

ಕಾಂತರಾಜು ಪಂಚೆ ಎತ್ತಿಕಟ್ಟಿ ತಮ್ಮನ ಬಳಿಗೆ ಬಂದ. “ವಸಿ ಸರ್ಕಳ್ಲಾ ಮತ್ತೆ.”

ಇಬ್ಬರೂ ತೊಡೆಗೆ ತೊಡೆ ತಾಗಿಸಿ ಕೂತರು. ತಮ್ಮ ತನ್ನ ಎಲೆಯ ಪಕ್ಕ ಅಣ್ಣನ ಎಲೆ ಹಾಸಿ ನೀರು ಚಿಮುಕಿಸಿದ. ಬೀಗರು ಮತ್ತೆ ಮುದ್ದೆ ಮುರಿದರು. ಬಾಗಿಲಲ್ಲಿ ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡು ಅಳುತ್ತಿದ್ದರು. ನನ್ನ ಕಣ್ಣೂ ತುಂಬಿತು. ತಪ್ಪಾಯಿತು ಎಂದು ಇಬ್ಬರ ಕೈಯನ್ನೂ ಹಿಡಿಯೋಣವೆಂದು ಹೆಜ್ಜೆ ಇಟ್ಟೆ. ಅತ್ತೆ ಓಡಿಬಂದು ಅಡ್ಡ ನಿಂತರು.

“ಎಲ್ಗೋಯ್ತೀರಿ?”

“ಕ್ಷಮೆ ಕೇಳಿ ಬರ್ತೀನಿ ಅತ್ತೆ.”

“ಬ್ಯಾಡಿ ಅಳಿಯಂದ್ರೇ, ನಿಮ್ಗೆ ಕೈ ಮುಗೀತೀನಿ. ನಿಮ್ ಮ್ಯಾಲೆ ಸಿಟ್ಟಿರಾಗಂಟ ಇಬ್ರೂ ಒಂದಾಗಿರ್ತಾರೆ.”

ಸ್ನೇಹಲತಾ ಸಾರಿನ ಬಕೆಟ್ಟನ್ನು ನನ್ನ ಕೈಗೆ ಕೊಟ್ಟಳು.

ಅಂದಿನಿಂದ ಹಬ್ಬವಿರಲಿ, ನಾಮಕರಣವಿರಲಿ, ಅವರಿಬ್ಬರೂ ಒಂದೇ ಪಂಕ್ತಿ. ನಗುನಗುತ್ತಾ ಉಣ್ಣುತ್ತಾರೆ, ನನ್ನನ್ನು ಕಂಡರೆ ಇಬ್ಬರ ಮುಖವೂ ಒಟ್ಟಿಗೇ ಗಂಟಿಕ್ಕುತ್ತದೆ. ನಾನು ಬಡಿಸಿ, ಎಲ್ಲರೂ ಎದ್ದ ಮೇಲೆ ಪಾತ್ರೆಗಳ ಪಕ್ಕ ಕೂತು ಉಣ್ಣುತ್ತೇನೆ. ನಿನ್ನೆ ಅತ್ತೆಯ ಫೋನ್ ಬಂದಿತ್ತು.

“ಅಳಿಯಂದ್ರೇ, ಹಬ್ಬಕ್ಕೆ ಬರ್ವಾಗ ಏನಾರ ಒಂದು ತಪ್ಪು ಮಾಡ್ಕಂಡೇ ಬನ್ನಿ. ಉಡುಗ್ರ ಸಿಟ್ಟು ಯಾಕೋ ವಸಿ ಇಳೀತಾ ಅದೆ.”