ಅಳಿಸಿದರೂ ಕೂಗುವ ಅತ್ತಿ

ಸತ್ತವರಾದರೂ ಸುಮ್ಮನಿರಬೇಕು ಎಂಬುದು ಫಕೀರೇಶನ ಸಣ್ಣ ಬೇಡಿಕೆ. ಬದುಕಿದ್ದವರಂತೂ ಅವನ ಮನೆಯಲ್ಲಿ ಸುಮ್ಮನಿರುವ ಪೈಕಿ ಅಲ್ಲ. (ಅವನ ಹೆಂಡತಿ ಭಾಗ್ಯಾಳ ಹೆಸರು ನಾನೇನೂ ಎತ್ತಲಿಲ್ಲ, ನೆನಪಿರಲಿ.)

ಫಕೀರೇಶ ಯರಗುಪ್ಪಿಯ ಡಿಜೆ. ಟ್ರ್ಯಾಕ್ಟರಿನ ಟ್ರಾಲಿ ಮೇಲೆ ಎಂಟು ಸ್ಪೀಕರ್ ಏರಿಸಿ, ಪೆನ್‌ಡ್ರೈವಿನ ಹಾಡು ಹಚ್ಚಿ, ಮದುವೆ ಮೆರವಣಿಗೆ ಕುಣಿಸುವುದು ಅವನ ಕಸುಬು. ಈ ಕಸುಬಿನಲ್ಲಿ ಹಾಡು ಕದಿಯುವವರು ಬಹಳ. ಅದಕ್ಕೇ ಪ್ರತಿ ಡಿಜೆಯೂ ಹಾಡಿನ ನಡುನಡುವೆ ತನ್ನ ಹೆಸರು ಕೂಗಿಸಿರುತ್ತಾನೆ. ಉಳಿದವರು ಹುಬ್ಬಳ್ಳಿಯ ಸ್ಟುಡಿಯೊದಲ್ಲಿ ಗಡಸು ಗಂಟಲಿನವರನ್ನು ಹಿಡಿದರೆ, ಫಕೀರೇಶ ತನ್ನನ್ನು ಸಾಕಿ ಬೆಳೆಸಿದ ಸೋದರತ್ತೆ ಸಣ್ಣವ್ವನನ್ನು ಹಿಡಿದ. ಆಕೆ ಬದುವಿನ ಮೇಲೆ ನಿಂತು ಕೂಗಿದರೆ ಮೂರನೇ ಹೊಲದ ಎತ್ತುಗಳು ನಿಲ್ಲುತ್ತಿದ್ದವು.

ಮೊಬೈಲು ಮುಂದೆ ಹಿಡಿದಾಗ ಸಣ್ಣವ್ವ ಮೊದಲು "ಉಂಡೀ ಏನೋ?" ಎಂದಳು. ಆಕೆಯ ಮಾತೆಲ್ಲ ಶುರುವಾಗುವುದೇ ಅಲ್ಲಿಂದ. ಅದನ್ನು ಕತ್ತರಿಸಿ ಅವನು ಇಟ್ಟುಕೊಂಡದ್ದು ನಾಲ್ಕೇ ಸೆಕೆಂಡು: "ಡೀಜೇ ಫಕೀರಾ... ಯರಗುಪ್ಪೀ!" ಕತ್ತರಿಸಿದ ಮಾತಿನ ಸಮೇತ ಆ ಮೊಬೈಲು ಆಮೇಲೆ ಕೆರೆಯ ಪಾಲಾಯಿತು.

ದೀಪಾವಳಿ ಮುಗಿದ ಮೇಲೆ ಸಣ್ಣವ್ವ ತೀರಿಕೊಂಡಳು. ಅಂದು ಫಕೀರೇಶ ನವಲಗುಂದದ ಮದುವೆಯಲ್ಲಿದ್ದ. ಅತ್ತೆಯ ಮಣ್ಣಿಗೆ ಬರಲಿಲ್ಲ. ಟ್ರ್ಯಾಕ್ಟರ್ ಕೆಟ್ಟು ನಿಂತಿತ್ತು ಎಂದು ಊರಿಗೆಲ್ಲ ಹೇಳಿದ.

ಅಲ್ಲಿಂದ ಶುರುವಾಯಿತು ನೋಡಿ. ನಡು ಕುಣಿತದಲ್ಲಿ ಆ ಕೂಗು ಬಂದರೆ ಎತ್ತಿದ ಕೈ ಎತ್ತಿದಂತೆಯೇ ನಿಲ್ಲುತ್ತಿತ್ತು. ತಾಯಂದಿರು ಕೂಸುಗಳ ಕಿವಿ ಮುಚ್ಚುತ್ತಿದ್ದರು. ಎತ್ತುಗಳು ಮಾತ್ರ ಮೊದಲಿನಂತೆಯೇ ನಿಲ್ಲುತ್ತಿದ್ದವು. ಕೊನೆಗೆ ಊರ ಹಿರಿಯ ಮಾಳಿಂಗರಾಯ ಮನೆಗೇ ಬಂದ.

"ಐತವಾರ ನನ್ನ ಮಗಳ ಲಗ್ನ. ಮೆರವಣಿಗ್ಯಾಗ ಸತ್ತಾಕಿ ಕೂಗಿದ್ಲಂದ್ರ ನಿನ್ನ ಟ್ರಾಲಿ ಊರ ಹೊರಗ. ಮುಂದ ಈ ಕುಂದಗೋಳ ತಾಲೂಕಿನ್ಯಾಗ ನಿನ್ನ ಯಾರೂ ಕರೆಯೂದಿಲ್ಲ, ತಿಳೀತಿಲ್ಲೊ?"

ಫಕೀರೇಶ ಹಳೆಯದನ್ನೆಲ್ಲ ಅಳಿಸಿ ಹೊಸ ಸಂಗ್ರಹ ಕಟ್ಟಲು ಕೂತ. ಅರಿಶಿನದ ಹಾಡು, ಮೆರವಣಿಗೆಯ ಹಾಡು, ಊಟದ ಹೊತ್ತಿನ ಮೆತ್ತನೆ ಹಾಡು, ಹೆಣ್ಣು ಒಪ್ಪಿಸುವಾಗ ಅಳಿಸುವ ಹಾಡು ಎಂದು ಬೇರೆಬೇರೆ ಫೋಲ್ಡರು.

"ಐದ ಊರಿಗೆ ನಿಮ್ಮ ಹೆಸರ ಕೂಗಿದಾಕಿನ್ನ ಅಳಸ್ತೀರಿ? ಕೈಯರ ಹೆಂಗ ಬರ್ತಾವ್ರಿ ನಿಮಗ?" ಎಂದಳು ಭಾಗ್ಯಾ.

"ಆಕಿನ್ನಲ್ಲಲೇ, ಬರೇ ಫೈಲ್ ಅಳಸಾಕತ್ತೀನಿ."

"ಆಕಿ ಮಣ್ಣಿಗಂತೂ ಬರಲಿಲ್ಲ. ಫೈಲಿಗ್ಯರ ನಿಂತು ಮಣ್ಣ ಕೊಡ್ರಿ."

ಅವನು ಒಂದೊಂದು ಹಾಡನ್ನೂ ಲ್ಯಾಪ್‌ಟಾಪಿನಲ್ಲಿ ತುದಿವರೆಗೆ ಕೇಳಿದ. ಒಂದರಲ್ಲೂ ಅತ್ತೆಯಿಲ್ಲ. ಶುಕ್ರವಾರ ಮಟಮಟ ಮಧ್ಯಾಹ್ನ, ಭಾಗ್ಯಾ ಗಿರಣಿಗೆ ಹೋಗಿದ್ದಳು. ಓಣಿಯಲ್ಲಿ ನಾಯಿಯೂ ಇರಲಿಲ್ಲ. ಹಾಡುಗಳನ್ನು ಪೆನ್‌ಡ್ರೈವಿಗೆ ತುಂಬಿ, ಅದನ್ನು ಡಿಜೆ ಮಷಿನ್ನಿಗೆ ಚುಚ್ಚಿ, ದನಿ ಸಣ್ಣದಾಗಿಟ್ಟು ಒಂದು ಹಾಡು ಹಚ್ಚಿದ. ನಲವತ್ತು ಸೆಕೆಂಡು ಸರಿಯಾಗಿತ್ತು.

"ಡೀಜೇ ಫಕೀರಾ... ಯರಗುಪ್ಪೀ!"

ಅಳಿಸಿದ. ಮತ್ತೆ ತುಂಬಿದ. ಮತ್ತೆ ಕೂಗಿದಳು. ಮೂರನೇ ಸಲವೂ ಕೂಗಿದಳು. ಲ್ಯಾಪ್‌ಟಾಪಿನಲ್ಲಿ ಇಲ್ಲದ ಅತ್ತೆ ಪೆನ್‌ಡ್ರೈವಿನಲ್ಲಿ ಇದ್ದಳು! ನಡುವೆ ಇರುವುದು ಗೇಣುದ್ದದ ದಾರಿ, ಆಕೆ ಅಲ್ಲೆಲ್ಲೋ ಕಾದು ಕೂತಿದ್ದಾಳೆ. ಅವನ ಮೈಯಿಂದ ಬೆವರು ಇಳಿಯುತ್ತಿತ್ತು, ಮೈ ಮಾತ್ರ ತಣ್ಣಗಿತ್ತು.

ಹಿಟ್ಟಿನ ಡಬ್ಬಿ ಹೊತ್ತು ಬಂದ ಭಾಗ್ಯಾ ಬಾಗಿಲಲ್ಲೇ ನಿಂತಳು. "ಯಾಕ್ರಿ, ಮಾರಿ ಯಾಕ ಹಂಗ ಬಿಳಿಚೈತಿ?"

"ಅತ್ತಿ ಹೋಗವಲ್ಲಳಲೇ."

"ಎಲ್ಲಿಗಿ ಹೋಗಬೇಕ್ರಿ? ಆಕಿ ಮನಿ ಇದು," ಎಂದು ಆಕೆ ಒಳಗೆ ನಡೆದಳು.

ಶನಿವಾರ ಫಕೀರೇಶ ಹುಬ್ಬಳ್ಳಿಗೆ ಹೋಗಿ, ಸತ್ತವರ ಸೋಂಕೇ ಇಲ್ಲದ ಹೊಸ ಪೆನ್‌ಡ್ರೈವ್ ತಂದ. ಅದಕ್ಕೆ ವಿಭೂತಿ ಹಚ್ಚಿದ. ಮಷಿನ್ನಿಗೆ ನಿಂಬೆಹಣ್ಣು ಕಟ್ಟಿದ. ಅದೇ ಲ್ಯಾಪ್‌ಟಾಪಿನಿಂದ ಹಾಡು ತುಂಬಿದ. ಹಚ್ಚಿ ನೋಡುವ ಧೈರ್ಯ ಮಾತ್ರ ಬರಲಿಲ್ಲ.

ಐತವಾರ ಇಳಿಹೊತ್ತಿಗೆ ಮೆರವಣಿಗೆ ಹೊರಟಿತು. ಮೊದಲ ಹಾಡಿಗೇ ಓಣಿ ತುಂಬ ಧೂಳೆದ್ದಿತು. ಫಕೀರೇಶ ಬಾಯೊಳಗೇ ಎಣಿಸುತ್ತಿದ್ದ. ಮೂವತ್ತೆಂಟು. ಮೂವತ್ತೊಂಬತ್ತು.

"ಡೀಜೇ ಫಕೀರಾ... ಯರಗುಪ್ಪೀ!"

ಎಲ್ಲ ನಿಂತಿತು. ಹಲಗೆಯವನ ಕೋಲು ಗಾಳಿಯಲ್ಲೇ ಉಳಿಯಿತು. ಮಾಳಿಂಗರಾಯ ನಿಧಾನಕ್ಕೆ ಇತ್ತ ತಿರುಗಿದ. ಅಷ್ಟರಲ್ಲಿ ಫಕೀರೇಶ ಹಾಡು ಬಂದ್ ಮಾಡಿ, ಮೈಕು ಕಸಿದು, ಟ್ರಾಲಿಯ ಮೇಲೆ ಮಂಡಿಯೂರಿದ್ದ.

"ಅತ್ತೀ, ತಪ್ಪಾತ ಬೇ! ಟ್ರ್ಯಾಕ್ಟರ್ ಕೆಟ್ಟಿದ್ದಿಲ್ಲ ಬೇ! ಸುದ್ದಿ ಮುಟ್ಟಿತ್ತು. ಲಗ್ನಾ ನಡುವ ಬಿಟ್ಟ ಬಂದ್ರ ಮುಂದ ಯಾರೂ ಕರೆಯೂದಿಲ್ಲಂತ ಅಂಜಿ, ಫೋನ್ ಬಂದ್ ಮಾಡಿ ಹಾಡ ಹಚ್ಚಿದೆ ಬೇ!"

ಎಂಟು ಸ್ಪೀಕರುಗಳು ಈ ಗುಟ್ಟನ್ನು ಯರಗುಪ್ಪಿಗೂ ಪಕ್ಕದ ಊರಿಗೂ ಒಂದಕ್ಷರ ಬಿಡದೆ ತಲುಪಿಸಿದವು. ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಮಾಳಿಂಗರಾಯ ಟವೆಲಿನಿಂದ ಕಣ್ಣೊರೆಸಿಕೊಂಡ. "ಹಚ್ಚಲೇ ಹಾಡ. ಸಣ್ಣವ್ವ ನನ್ನ ಮಗಳಿಗೆ ಅಕ್ಕಿಕಾಳ ಹಾಕಾಕ ಬಂದಾಳ," ಎಂದ.

ಮರುದಿನ ಲ್ಯಾಪ್‌ಟಾಪ್ ನೋಡಲು ಬಂದವಳು ಜಹೀರಾ, ಬಸ್‌ಸ್ಟ್ಯಾಂಡ್ ಬಾಜೂಕಿನ ಕಂಪ್ಯೂಟರ್ ಅಂಗಡಿಯಾಕೆ, ಭಾಗ್ಯಾಳ ಗೆಳತಿ.

"ಫಕೀರೇಶಣ್ಣಾ, ಪೆನ್‌ಡ್ರೈವಿಗೆ ಹೋಗೂ ಪ್ರತಿ ಹಾಡಿಗೂ ಈ ಕೂಗು ತಾನಾಗೇ ಸೇರಲಿ ಅಂತ ಇಲ್ಲಿ ಟಿಕ್ ಹಾಕೇತಿ ನೋಡ್ರಿ. ಹೋದ ವರ್ಷ ನೀವ ಹಾಕೀರಿ."

ಭಾಗ್ಯಾ ಬಾಯಿಗೆ ಸೆರಗು ಹಿಡಿದಳು. ಫಕೀರೇಶನಿಗೆ ಸಂಶಯ ಬಂತು. "ನಿನಗ ಮೊದಲ ಗೊತ್ತಿತ್ತೇನ?"

"ಶುಕ್ರವಾರ ಗಿರಣ್ಯಾಗ ಸಿಕ್ಕಾಗ ಇಕಿ ಹೇಳಿದ್ಲ್ರಿ, ಏನ ಅಳಸಿದ್ರೂ ಆ ಟಿಕ್ ಇದ್ರ ಪೆನ್‌ಡ್ರೈವಿನ್ಯಾಗ ಅತ್ತಿ ಕೂಗೇ ಕೂಗತಾಳಂತ. ನಿಮ್ಮ ಬಾಯಿಲೇ ಖರೇ ಮಾತ ಬರಲಿ ಅಂತ ಸುಮ್ಮಿದ್ದೆ."

ಇಷ್ಟಕ್ಕೇ ಮುಗಿಯಲಿಲ್ಲ. ಮೆರವಣಿಗೆಯಲ್ಲಿ ಮೊಳಗಿದ್ದನ್ನೆಲ್ಲ ಆ ಮಷಿನ್ನು ಇನ್ನೊಂದು ಪೆನ್‌ಡ್ರೈವಿಗೆ ರೆಕಾರ್ಡ್ ಮಾಡಿಕೊಂಡಿತ್ತು. ಗೆಳತಿಯರಿಬ್ಬರೂ ಸೇರಿ ಅದರಿಂದ ನಾಲ್ಕು ಸೆಕೆಂಡು ಕತ್ತರಿಸಿದರು. ಈಗ ಅವನ ಪ್ರತಿ ಹಾಡಿನಲ್ಲೂ ಅವನದೇ ಅಳುಬುರುಕ ದನಿ ಬರುತ್ತದೆ: "ಅತ್ತೀ, ತಪ್ಪಾತ ಬೇ!" ಹುಡುಗರು ಅದಕ್ಕೇ ಕಾದಿದ್ದು ಹುಚ್ಚೆದ್ದು ಕುಣಿಯುತ್ತಾರೆ. ಡಿಜೆ ಫಕೀರ ಎಂಬ ಹೆಸರು ಹೋಗಿ, ಐದೂ ಊರಲ್ಲಿ ಅವನೀಗ 'ತಪ್ಪಾತ ಡಿಜೆ'. ಕರೆಯುವವರಿಗೇನೂ ಕಡಿಮೆಯಿಲ್ಲ ಬಿಡಿ.

ಮೊನ್ನೆ ಮಧ್ಯಾಹ್ನ ಅವನು ಒಬ್ಬನೇ ಕೂತು ಆ ರೆಕಾರ್ಡನ್ನು ಪೂರ್ತಿ ಕೇಳಿದ. ತನ್ನ ಅಳು ಮುಗಿಯಿತು. ಮಾಳಿಂಗರಾಯ ಮಾತಾಡುವ ಮೊದಲಿನ ಆ ಮೌನ ಬಂತು. ಅದರ ನಡುವೆ, ಕಿವಿಯ ಹತ್ತಿರವೇ ಯಾರೋ ಕೇಳಿದರು:

"ಉಂಡೀ ಏನೋ?"

"ಇನ್ನೂ ಇಲ್ಲ ಬೇ," ಎಂದುಬಿಟ್ಟ ಫಕೀರೇಶ.

ಅಡಿಗೆಮನೆಯಿಂದ ಭಾಗ್ಯಾ ಸಿಡುಕಿದಳು. "ತಾಸಿನಿಂದ ನಾ ಕರದ್ರ ಓ ಅನ್ನೂದಿಲ್ಲ, ಅತ್ತಿ ಒಮ್ಮಿ ಕೇಳಿದ್ರ ಬಾಯಿ ಬಿಡ್ತೀರಿ!"

ಫಕೀರೇಶನ ಕಿವಿಯ ಮೇಲೆ ಹೆಡ್‌ಫೋನ್ ಇತ್ತು. ಸ್ಪೀಕರಿಗೆ ವೈರೇ ಹಚ್ಚಿರಲಿಲ್ಲ. ಅವನು ಎದ್ದು ಕೈ ತೊಳೆದು ಊಟಕ್ಕೆ ಕೂತ.