ಮುಚ್ಚಳನ ಪ್ರಾಣ ಉಳಿಸಿದ್ದು

“ಮೊಣಕೈಯುದ್ದ ಇದ್ದ ಕೂಸನ್ನ ಈ ಎತ್ತರಕ್ಕೆ ತಂದವಳು ನಾನು! ಅಂಗೈಯಗಲದ ಎರಡು ಆಮೆ ಯಾವ ಲೆಕ್ಕ?”

ಪುಟ್ಟಿಯ ಅಮ್ಮ ತೋಳೇರಿಸಿ ಘೋಷಿಸಿದಳು. ಆ ನೀರಾಮೆಗಳಿಗೆ ಪುಟ್ಟಿ ಇಟ್ಟ ಹೆಸರು ಬಟ್ಟಲು, ಮುಚ್ಚಳ. ಅಂಗಡಿಯವನು ಕೊಟ್ಟ ಗಾಜಿನ ಬೋಗುಣಿಯಲ್ಲಿ ಜಾಗ ಸಾಲದೆ ಅವು ಒಂದರ ಮೇಲೊಂದು ಹತ್ತಿ ಕೂತಿದ್ದವು.

ಅಪ್ಪನ ಷರತ್ತು ಖಡಕ್ಕಾಗಿತ್ತು. “ಚೆನ್ನಾಗಿ ನೋಡ್ಕೊಳ್ಳೋದಾದ್ರೆ ಇರ್ಲಿ. ಒಂದು ಸೊರಗಿದ್ರೂ ಎರಡನ್ನೂ ಅಂಗಡಿಗೆ ವಾಪಸ್ ಕೊಟ್ಟು ಬರ್ತೀನಿ.”

ಪುಟ್ಟಿ ಬೋಗುಣಿಯನ್ನು ಎದೆಗವಚಿಕೊಂಡಳು.

ಅಮ್ಮ ಬಿಡುತ್ತಾಳೆಯೇ! ಪುಸ್ತಕ ತಿರುವಿದಳು. ಈಜಲು ದೊಡ್ಡ ಗಾಜಿನ ತೊಟ್ಟಿ ತಂದಳು, ಕೊಳೆ ಸೋಸುವ ಫಿಲ್ಟರ್ ಕೂರಿಸಿದಳು. ಹತ್ತಿ ಕೂರಲು ನೀರಿನಿಂದ ಮೇಲೆದ್ದ ಕಲ್ಲಿನ ಜಗಲಿ, ಅದರ ನೆತ್ತಿಗೆ ಬೆಚ್ಚಗಿನ ದೀಪ. ಅರಮನೆ ಎಂದರೆ ಅರಮನೆ! ಅವಳ ಸ್ವಂತ ಅಡುಗೆಮನೆಗೇ ಅಷ್ಟು ಬೆಳಕಿರಲಿಲ್ಲ.

ಮಾರನೆಯ ಬೆಳಿಗ್ಗೆ ಮುಚ್ಚಳ ಜಗಲಿ ಹತ್ತಿತು. ಹಿಂಗಾಲೆರಡನ್ನೂ ಹಿಂದಕ್ಕೆ ಚಾಚಿತು, ಕತ್ತು ನೀಡಿತು, ಕಣ್ಣು ಮುಚ್ಚಿತು. ಅಲುಗಾಟವಿಲ್ಲ!

“ರೀ! ಮುಚ್ಚಳ ಹೋಯ್ತು!”

“ಡಬ್ಬದ ಹಿಂದೆ ಬಿದ್ದಿರತ್ತೆ, ಸರಿಯಾಗಿ ನೋಡು!” ಬಚ್ಚಲಿನಿಂದ ಉತ್ತರ ಬಂತು.

ಅಮ್ಮ ಅದನ್ನೆತ್ತಿ ನೀರಿಗೆ ಬಿಟ್ಟಳು. ಪವಾಡ! ನಾಲ್ಕೂ ಕಾಲು ಬಡಿದು ಈಜಿತು!

“ನೋಡು ಪುಟ್ಟಿ, ಹೀಗೆ ಕೈಕಾಲು ಚಾಚಿ ಬಿದ್ರೆ ತಕ್ಷಣ ನೀರು ಮುಟ್ಟಿಸ್ಬೇಕು. ಹೋದ ಜೀವ ಓಡಿ ಬರತ್ತೆ!”

ಪುಟ್ಟಿ ಕಣ್ಣರಳಿಸಿ ತಲೆಯಾಡಿಸಿದಳು.

ಮುಚ್ಚಳ ಮತ್ತೆ ಹತ್ತಿತು, ಮತ್ತೆ ಸತ್ತಿತು. ಅಮ್ಮ ಮತ್ತೆ ಬದುಕಿಸಿದಳು. ಬಟ್ಟಲೂ ಅದೇ ಚಾಳಿ ಹಿಡಿಯಿತು. ಯಮನಿಗೂ ಅಮ್ಮನಿಗೂ ದಿನವಿಡೀ ಹಗ್ಗಜಗ್ಗಾಟ! ಹಾಲು ಉಕ್ಕಿತು, ಒಗೆದ ಬಟ್ಟೆ ಯಂತ್ರದಲ್ಲೇ ಮುದುಡಿತು. ಇಷ್ಟಾದರೂ ವಾರ ಕಳೆಯುವುದರೊಳಗೆ ಆಮೆಗಳು ಸೊಪ್ಪಿಗೆ ಬಾಯಿಡುವುದನ್ನೇ ಬಿಟ್ಟವು. ಅಪ್ಪ ಹಳೆಯ ಬೋಗುಣಿ ಒರೆಸಿಟ್ಟ.

ಪುಟ್ಟಿಯನ್ನು ಶಾಲೆಗೆ ಕಳಿಸಿದ್ದೇ ತಡ, ಅಮ್ಮ ಎರಡನ್ನೂ ಮಗಳ ಎಳೆಗೂಸಿನ ಟವೆಲ್ಲಿನಲ್ಲಿ ಸುತ್ತಿಕೊಂಡು ಪ್ರಾಣಿವೈದ್ಯೆಯ ಬಳಿಗೆ ಓಡಿದಳು. ಅಲ್ಲಿನ ಮೇಜುದೀಪದಡಿ ಮುಚ್ಚಳ ಮೆಲ್ಲಗೆ ಕಾಲು ಚಾಚಿತು.

“ಅಯ್ಯೋ, ಶುರುವಾಯ್ತು ಡಾಕ್ಟ್ರೇ! ನೀರು, ನೀರು!”

“ಸುಮ್ನಿರಿ ತಾಯಿ! ಅದು ಮೈ ಕಾಯಿಸ್ಕೊಳ್ತಿದೆ. ನೆಮ್ಮದಿಯಾಗಿರೋ ಆಮೆ ಮಲಗೋದೇ ಹೀಗೆ. ಮೈ ಬೆಚ್ಚಗಾದ್ರೇನೇ ಅದಕ್ಕೆ ತಿಂದದ್ದು ಅರಗೋದು. ಕಣ್ಣು ಹತ್ತಿದಾಗಲೆಲ್ಲ ನಿಮ್ಮನ್ನ ಯಾರಾದ್ರೂ ಎತ್ತಿ ನೀರಿಗೆ ಹಾಕಿದ್ರೆ ನಿಮಗೆ ಊಟ ಸೇರತ್ತಾ?” ತೊಟ್ಟಿಯ ವರ್ಣನೆಯನ್ನೆಲ್ಲ ಕೇಳಿ ವೈದ್ಯೆ ನಕ್ಕಳು. “ಮನೆ ನೂರಕ್ಕೆ ನೂರು. ಕೈ ಮಾತ್ರ ದೂರ ಇಡಿ!”

ಅಮ್ಮ ಎದೆಯ ಮೇಲೆ ಕೈ ಕಟ್ಟಿಕೊಂಡೇ ಓಡಾಡಿದಳು. ಭಾನುವಾರ ಎರಡೂ ಆಮೆಗಳು ಸೊಪ್ಪಿನ ಮೇಲೆ ದಂಡೆತ್ತಿ ಬಂದವು! ಅಪ್ಪ ಬೋಗುಣಿಯನ್ನು ತೆಪ್ಪಗೆ ಅಟ್ಟಕ್ಕೇರಿಸಿದ. ಅಮ್ಮ ಗೆದ್ದಳು! ತೊಟ್ಟಿಯ ಹಳೆ ನೀರನ್ನು ಬಕೆಟ್ಟಿಗೆ ಬಸಿದಿಟ್ಟು, ಕಿಟಕಿಯ ಬಿಸಿಲು ಬೀಳುವ ಸೋಫಾದ ಮೇಲೆ ಚಕ್ರವರ್ತಿನಿಯಂತೆ ಒರಗಿದಳು. ಕೈಕಾಲು ಚಾಚಿದಳು, ಕಣ್ಣು ಮುಚ್ಚಿದಳು.

ಪುಟ್ಟಿ ಬಂದು ನೋಡಿದಳು. ಅಲುಗಾಟವಿಲ್ಲ!

ಧೋ!

ಅಮ್ಮ ಕೈಕಾಲು ಬಡಿಯುತ್ತ ಎದ್ದು ಕೂತಳು. ಮೂಗಿನ ತುದಿಯಲ್ಲೊಂದು ಕೊಳೆತ ಸೊಪ್ಪಿನೆಲೆ.

“ಅಪ್ಪಾ, ಓಡಿ ಬಾ!” ಪುಟ್ಟಿ ಖಾಲಿ ಮಗ್ಗು ಎತ್ತಿ ಹಿಡಿದು ಕುಣಿಯುತ್ತಿದ್ದಳು. “ಅಮ್ಮನ್ನ ಬದುಕಿಸ್ಬಿಟ್ಟೆ!”